ಬೇಜಾರು ಎಷ್ಟು ಕೆಜಿ?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂದು ಸನ್ಮಾನಗೊಳ್ಳುತ್ತಿರುವ ನನ್ನ ಕಿರಿಯ ಸಹೋದ್ಯೋಗಿಯೇ, ಕೊನೆಯ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಕ್ಕಳೂ ಸೇರಿದಂತೆ ಎಲ್ಲ ಸಭಿಕರೇ,

ಈ ಶಾಲೆಯ ನರ್ಸ್ ಆಗಿ ಇಪ್ಪತ್ತೆಂಟು ವರ್ಷ ಮಕ್ಕಳ ಎತ್ತರ ಅಳೆದಿದ್ದೇನೆ, ತೂಕ ನೋಡಿದ್ದೇನೆ. ಷೂ ಬಿಚ್ಚದೆ ತೂಕದ ಯಂತ್ರ ಹತ್ತುವವರನ್ನು, ಹಿಮ್ಮಡಿ ಎತ್ತಿ ಅರ್ಧ ಇಂಚು ಕದಿಯುವವರನ್ನು ಕಣ್ಣಲ್ಲೇ ಹಿಡಿದಿದ್ದೇನೆ. ನನಗೆ ಯಾರಾದರೂ ಸನ್ಮಾನ ಮಾಡಿದರೇ? ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಅಲ್ಲ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ತುಂಬಿದ ಸಭೆಯಲ್ಲಿ ಸುಳ್ಳೇಕೆ?

ಈಕೆ ಇಲ್ಲಿಗೆ ನರ್ಸ್ ಆಗಿ ಬಂದು ಮೂರೇ ವರ್ಷ. ಬಂದವಳೇ, "ಅಕ್ಕಾ, ಎತ್ತರ ತೂಕ ಸರಿಯಿದ್ರೆ ಮಗು ಚೆನ್ನಾಗಿದೆ ಅಂತಾನಾ?" ಎಂದಳು. ಈ ವರ್ಷ ಹತ್ತು ಪ್ರಶ್ನೆಗಳ ಹಾಳೆಯೊಂದನ್ನು ಮಾಡಿದಳು; ಇಂದಿನ ಸನ್ಮಾನವೂ ಅದಕ್ಕೇ. ಮಕ್ಕಳು ಹೆಸರು ಬರೆಯುವಂತಿಲ್ಲ. ನಿದ್ದೆ ಬರುತ್ತದೆಯೇ, ಆಟಕ್ಕೆ ಯಾರಾದರೂ ಕರೆಯುತ್ತಾರೆಯೇ, ಬೇಜಾರಾದರೆ ಯಾರಿಗೆ ಹೇಳುತ್ತೀರಿ?

"ಬೇಜಾರು ಎಷ್ಟು ಕೆಜಿ ಬರುತ್ತಮ್ಮ?" ಎಂದು ಕೇಳಿದೆ. ಟೀಚರ್‌ಗಳೆಲ್ಲ ನಕ್ಕರು. ಈಕೆಯೂ ನಕ್ಕಳು; ಅದಕ್ಕೇ ನನಗೆ ಹೆಚ್ಚು ಉರಿಯಿತು.

ತುಂಬಿ ಬಂದ ಹಾಳೆಗಳನ್ನು ಎಣಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ನನ್ನ ಮಗಳೂ ಇಲ್ಲೇ ಒಂಬತ್ತನೆಯ ತರಗತಿ. ವರ್ಷಕ್ಕೊಮ್ಮೆ ಅಡುಗೆಮನೆ ಬಾಗಿಲಿಗೆ ನಿಲ್ಲಿಸಿ, ತಲೆಯ ಮೇಲೆ ಗೆರೆ ಎಳೆದು ಬೆಳೆಸಿದ ಮಗಳು. ಹೆಸರಿಲ್ಲದಿದ್ದರೇನು, ಹೆತ್ತವಳಿಗೆ ಮಗಳ ಅಕ್ಷರ ತಿಳಿಯದೇ? ಬೇಜಾರಾದರೆ ಯಾರಿಗೆ ಹೇಳುತ್ತೀರಿ ಎಂಬಲ್ಲಿ "ಪ್ರಶ್ನೆ ಮಿಸ್‌ಗೆ" ಎಂದಿತ್ತು. ಅಂದರೆ ಈಕೆಗೆ. ಕೆಳಗೆ ಇನ್ನೂ ಒಂದು ಸಾಲು: "ಅಮ್ಮನಿಗೆ ಹೇಳಲ್ಲ. ಅಮ್ಮ ಥರ್ಮಾಮೀಟರ್ ತರ್ತಾಳೆ."

ಆ ಹಾಳೆಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡೆ. ಮುಖ್ಯೋಪಾಧ್ಯಾಯರು ಈಗಷ್ಟೇ ಓದಿದರಲ್ಲ, ನಾನೂರ ಹನ್ನೆರಡು ಮಕ್ಕಳು ಉತ್ತರಿಸಿದ್ದಾರೆ ಎಂದು? ನಾನೂರ ಹದಿಮೂರು, ಸ್ವಾಮಿ. ತಪ್ಪು ಈಕೆಯದಲ್ಲ, ನನ್ನದು.

ಈ ಭಾಷಣ ಬರೆಯಲು ಕೂತಾಗ ಪೆನ್ನು ಮುಂದೆ ಹೋಗಲಿಲ್ಲ. ಎದ್ದು ಹೋಗಿ ಮಗಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಅತ್ತಳು. ನನ್ನ ಕೈ ತಾನಾಗಿ ಅವಳ ಹಣೆ ಮುಟ್ಟಿ ನೋಡಲು ಹೋಯಿತು. ಹಿಂದಕ್ಕೆ ಎಳೆದುಕೊಂಡು ಸುಮ್ಮನೆ ಪಕ್ಕದಲ್ಲಿ ಕೂತೆ. ಕಣ್ಣೊರೆಸಿಕೊಂಡು, "ಎಲ್ಲರ ಮುಂದೆ ಹೇಳಿ ವಾಪಸ್ ಕೊಡು" ಎಂದಳು.

ತಗೋ ತಂಗಿ, ಲೆಕ್ಕಕ್ಕೆ ಸೇರಿಸಿಕೋ. ಹೊಟ್ಟೆಕಿಚ್ಚು ಆರಿತೆಂದು ಮಾತ್ರ ತಿಳಿಯಬೇಡ. ಮುಂದಿನ ವರ್ಷ ಎಣಿಸುವ ಕೆಲಸ ಬೇರೆ ಯಾರಿಗಾದರೂ ಕೊಡು. ಆ ಬೇಜಾರಿನ ಪ್ರಶ್ನೆಗೆ ಮಗಳು ಆಗ ಏನು ಬರೆದಳೆಂದು ಅವಳ ಬಾಯಿಂದಲೇ ಕೇಳಬೇಕು, ಹೇಳುವವರೆಗೆ ಕಾಯುತ್ತೇನೆ.

ಆಕಳಿಕೆ ನಿಲ್ಲಿಸಿ ಕೇಳಿದ ಮಕ್ಕಳಿಗೂ ತಮಗೆಲ್ಲರಿಗೂ ವಂದನೆ. ನಮಸ್ಕಾರ.