ಎಡಗೈ ಯಾರದು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಜತ್ತದಿಂದ ಬಂದಿರುವ ಡಾಕ್ಟರರೇ, ಬಿಳೂರಿನ ಹಿರಿಯರೇ, ನನ್ನ ಕೈಯಿಂದ ಒಮ್ಮೆಯಾದರೂ ಸೂಜಿ ಚುಚ್ಚಿಸಿಕೊಂಡು ಅತ್ತಿರುವ ಸಮಸ್ತ ಸಭಿಕರೇ,

ಮೂವತ್ತೊಂದು ವರ್ಷ ಈ ಊರಿನ ದವಾಖಾನೆಯಲ್ಲಿ ಸಿಸ್ಟರ್ ಆಗಿದ್ದವಳಿಗೆ ಇಂದು ನಿವೃತ್ತಿಯ ಶಾಲು ಹೊದಿಸಿದ್ದೀರಿ. ಸಂತೋಷ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ನಾಲ್ಕು ಒಳ್ಳೆಯ ಮಾತಾಡಿ ಕುಳಿತುಕೊಳ್ಳುತ್ತಿದ್ದೆ. ಆದರೆ ಈಗಷ್ಟೇ ಓದಿದ ಮಾನಪತ್ರದಲ್ಲಿ ಒಂದು ಸಾಲಿದೆ: 'ದೇಹದ ಮೋಹವನ್ನೇ ಹರಿದುಕೊಂಡ ಶರಣ ಶ್ರೀಶೈಲಪ್ಪನವರ ಸೊಸೆ ಶೈಲಾ.' ಬರೆದವನು ನನ್ನ ಮೈದುನ ಗುರುಲಿಂಗಪ್ಪ. ಚಪ್ಪಾಳೆ ತಟ್ಟಿದವರು ನೀವು. ನನಗೆ ಸಿಟ್ಟು ಬಂದಿದೆ.

ನಮ್ಮ ಮಾವನವರಿಗೆ ಎಂಬತ್ತರ ಹತ್ತಿರ. ಅರವತ್ತು ವರ್ಷ ಒಂದು ದಿನವೂ ತಪ್ಪದೆ ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದವರು. ಹೋದ ವರ್ಷ ಶ್ರಾವಣದ ಒಂದು ಸೋಮವಾರ ಮುಂಜಾನೆ ಏಳಕ್ಕೆ, ಪೂಜೆಯ ನಡುವೆ ಆ ಅಂಗೈಯನ್ನೇ ದಿಟ್ಟಿಸಿ, "ಈ ಕೈ ನಂದಲ್ಲ" ಎಂದರು. ಬಾಯಿ ಸೊಟ್ಟಗಾಗಿರಲಿಲ್ಲ. ಮಾತು ತೊದಲಿರಲಿಲ್ಲ. ಕೈ ಬಿದ್ದಿರಲಿಲ್ಲ, ಲಿಂಗವೂ ಜಾರಿರಲಿಲ್ಲ. ಮತ್ತೆ ಯಾರದು ಎಂದು ಗುರುಲಿಂಗಪ್ಪ ಕೇಳಿದ. "ಯಾರದರ ಇರಲಿ, ನಂದಲ್ಲ" ಎಂದರು. ಮುಗಿಯಿತು. ಅಪ್ಪನಿಗೆ ವೈರಾಗ್ಯ ಬಂತೆಂದು ಗುರುಲಿಂಗಪ್ಪ ಅಡ್ಡಬಿದ್ದ.

ಎಂಟಕ್ಕೆ ಊಟಕ್ಕೆ ಕೂಡಿಸಿದರು. ಬಲಗಡೆಯ ಪಲ್ಯ ಉಂಡರು, ಎಡಗಡೆಯ ರೊಟ್ಟಿ ಮುಟ್ಟಲಿಲ್ಲ. ಅದಕ್ಕೂ ಅರ್ಥ ಸಿಕ್ಕಿತು, ಅರ್ಧ ಶಿವನಿಗೆ ಬಿಟ್ಟರಂತೆ. ಅಲ್ಲ, ಶಿವ ಯಾವಾಗ ನಮ್ಮ ಮನೆಯ ರೊಟ್ಟಿ ಕೇಳಿದ? ಆ ಗದ್ದಲದಲ್ಲಿ ಕಣ್ಣು ಬಿಟ್ಟು ನೋಡಿದವಳು ಒಬ್ಬಳೇ, ಬಳೆ ಮಾರಲು ಬಂದಿದ್ದ ಖುರಷೀದ. ಅವಳು ತಾಟನ್ನು ತಿರುಗಿಸಿ ಇಟ್ಟಳು. ಎಡಗಡೆಯ ರೊಟ್ಟಿ ಬಲಕ್ಕೆ ಬಂತು, ಮಾವನವರು ಗಬಗಬ ತಿಂದರು. "ಅಜ್ಜಾರಿಗೆ ಎಡಗಡಿಂದು ಕಾಣವಲ್ದು. ಲಗೂನ ದವಾಖಾನಿಗೆ ಒಯ್ರಿ" ಎಂದಳು. ಪೂಜೆಯ ಮನೆಯಲ್ಲಿ ನಿನಗೇನು ಕೆಲಸ ಎಂದು ಅವಳನ್ನು ಹೊರಗೆ ಕಳಿಸಿದರು. ಹತ್ತರ ಹೊತ್ತಿಗೆ ಅಂಗಳದಲ್ಲಿ ಕಾಯಿ ಒಡೆಯುವ ಸಪ್ಪಳ. ಒಡೆದವರಲ್ಲಿ ಕೆಲವರು ಎರಡನೇ ಸಾಲಿನಲ್ಲೇ ಕುಳಿತಿದ್ದೀರಿ.

ಖುರಷೀದ ನನಗೆ ಮೂರು ಸಲ ಫೋನು ಹಚ್ಚಿದ್ದಳು. ಫೋನು ಚೀಲದಲ್ಲಿತ್ತು. ನಾನು ಬೆಳುಂಕಿಯಲ್ಲಿ ಹೆಂಗಸರನ್ನು ಕೂಡಿಸಿಕೊಂಡು ಲಕ್ವಾದ ಲಕ್ಷಣ ಹೇಳಿಕೊಡುತ್ತಿದ್ದೆ: ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು. ನಗಬೇಡಿ. ಫೋನು ನೋಡಿದ್ದು ಎರಡು ಗಂಟೆಗೆ, ಮಾವನವರನ್ನು ಸಾಂಗಲಿಯ ದವಾಖಾನೆಗೆ ಮುಟ್ಟಿಸಿದ್ದು ಸಂಜೆ ಆರಕ್ಕೆ. ಮೆದುಳಿನ ಬಲಭಾಗದ ರಕ್ತನಾಳ ಕಟ್ಟಿತ್ತು. ವಯಸ್ಸಾದವರಲ್ಲಿ ಲಕ್ವಾ ಹೀಗೂ ಬರುತ್ತದೆ, ತಮ್ಮ ಕೈಯೇ ತಮ್ಮದಲ್ಲ ಎನಿಸುತ್ತದೆ ಎಂದರು ಅಲ್ಲಿನ ಡಾಕ್ಟರರು. ನಾಲ್ಕೂವರೆ ತಾಸಿನೊಳಗೆ ತಂದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಿತ್ತಂತೆ. ಮರುದಿನ ಎಡಗೈ ಪೂರ್ತಿ ಬಿತ್ತು.

ಗುರುಲಿಂಗಪ್ಪ, ತಲೆ ತಗ್ಗಿಸಬೇಡ. ನೀನು ಹತ್ತನೇ ಇಯತ್ತೆ ಓದಿದವನು, ನಿನಗೇನು ಗೊತ್ತು? ಆದರೆ ಆ ಏಳು ಗಂಟೆಗೆ ಆ ಮನೆಯಲ್ಲಿ ಕಲಿತವಳೂ ಒಬ್ಬಳಿದ್ದಳಲ್ಲ? ಕೈ ತನ್ನದಲ್ಲ ಎಂದದ್ದನ್ನು ಅವಳೂ ಕೇಳಿದಳಲ್ಲ? ಬಸ್ಸಿಗೆ ಹೊತ್ತಾಗಿತ್ತು. ನಾನೂ ಅಡ್ಡಬಿದ್ದೆ. ಆಶೀರ್ವಾದ ಬೇಡಿಕೊಂಡು ಬೆಳುಂಕಿಗೆ ಹೋದೆ. ಇದನ್ನು ಹೇಳಬೇಕೆಂದು ನಾನು ಎದ್ದು ನಿಂತಿರಲಿಲ್ಲ.

ಆ ಸಾಲನ್ನು ಅಳಿಸಿರಿ. ನಮ್ಮ ಮಾವ ಏನನ್ನೂ ತೊರೆದವರಲ್ಲ, ಅವರ ಕೈಯನ್ನು ನಾವು ಕಳೆದೆವು. ಈಗಲೂ ದಿನಾ ಮುಂಜಾನೆ, ಇದು ಯಾರ ಕೈ ಎಂದು ಕೇಳುತ್ತಾರೆ. "ನಿಮ್ಮದ ರೀ ಮಾವಾರ" ಎಂದು ಅಂಗೈ ಅರಳಿಸಿ ಲಿಂಗವಿಡುತ್ತೇನೆ. ಪೂಜೆ ಮುಗಿಯುವವರೆಗೆ ಆ ಅಂಗೈಯ ಕೆಳಗೆ ನನ್ನ ಕೈ ಹಿಡಿದಿರುತ್ತೇನೆ.

ಶಾಲಿಗೆ, ಹಾರಕ್ಕೆ ವಂದನೆಗಳು. ಆಮಂತ್ರಣ ಪತ್ರಿಕೆಯಲ್ಲಿ ಹೆಸರಿಲ್ಲದ ಖುರಷೀದಳಿಗೆ ವಂದನೆಗಳು. ಇನ್ನು ಕೈ ಮುಗಿಯಬೇಕು. ಅದಕ್ಕೆ ಎರಡು ಕೈ ಬೇಕು. ಮಾವನವರು ಮುಂದಿನ ಸಾಲಿನಲ್ಲಿ ಬಲಗೈ ಒಂದನ್ನೇ ಎತ್ತಿ ಕುಳಿತಿದ್ದಾರೆ. ಗುರುಲಿಂಗಪ್ಪ, ಅವರ ಎಡಗೈ ಎತ್ತಿ ಕೂಡಿಸು. ಕೂಡಿಸಿದೆಯಾ? ಹಾಗೇ ಹಿಡಿದಿರು.

ನಮ್ಮ ಮೂವರದೂ ನಮಸ್ಕಾರ.