ಡಿಫೆನ್ಸಿಗೆ ಬಿದ್ದ ಬೋರರ್

ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಫುಟ್‌ಬಾಲ್ ಟೀಮಿನ ಜೆರ್ಸಿ ಹಾಕಿದ ಹುಡುಗಿ, ಕಾಫಿ ತೋಟದಿಂದ ಕೆಸರು ಬೂಟಲ್ಲೇ ಬಂದ ಅವಳ ದೊಡ್ಡಪ್ಪ.

"ಅಣ್ಣನ ಟೀಮಿಗೆ ಅರ್ಧ ಸೀಸನ್ ಮುಗೀತು ದೊಡ್ಡಪ್ಪ. ಗೆದ್ದಿದ್ದು ಒಂದೇ ಮ್ಯಾಚು."

"ಯಾಕಂತೆ ಮಾರಾಯ್ತಿ?"

"ಮುಂದಿನವರು ಗೋಲ್ ಹೊಡೀತಾರೆ. ಅದರ ಎರಡರಷ್ಟು ಡಿಫೆನ್ಸಿನವರು ಬಿಟ್ಕೊಡ್ತಾರೆ."

"ಡಿಫೆನ್ಸಲ್ಲಿ ಇರೋದು ನಿಮ್ಮಣ್ಣ ಪೂರ್ಣೇಶ ಅಲ್ವಾ? ಗಟ್ಟಿ ಆಳು ಅವನು."

"ನೋಡೋಕೆ ಗಟ್ಟಿ. ಮೊಣಕಾಲು ಹೋಗಿದೆ. ನನಗೊಬ್ಬಳಿಗೇ ಹೇಳಿದಾನೆ."

ದೊಡ್ಡಪ್ಪ ದನಿ ತಗ್ಗಿಸಿದರು.

"ಬೋರರ್ ಹುಳ ಬಿದ್ದ ಗಿಡಾನೂ ಹಂಗೇ. ಒಳಗೆಲ್ಲ ತಿಂದಿದ್ರೂ ಎಲೆ ಹಸಿರಾಗೇ ಇರುತ್ತೆ. ಕಾಂಡ ಸವರಿದ್ರೆ ಮಾತ್ರ ಉಬ್ಬು ಕೈಗೆ ಸಿಗುತ್ತೆ."

"ಹೊಸ ಕೋಚ್ ಬಂದಿದಾರೆ. ನಾಳೆ ಎಲ್ಲರಿಗೂ ಡಾಕ್ಟರ್ ಟೆಸ್ಟ್ ಅಂತೆ."

"ತೋಟದಲ್ಲಿ ಅದಕ್ಕೆ ಟ್ರೇಸಿಂಗ್ ಅಂತೀವಿ. ಒಂದೊಂದೇ ಗಿಡ ಸವರ್ತಾ ಹೋಗೋದು."

"ಹಂಗನ್ಬೇಡಿ ದೊಡ್ಡಪ್ಪ."

"ಬಾಯಿಗೆ ಬಂತು, ಅಂದೆ. ಅವನಿಗೆ ಫೋನ್ ಮಾಡಿದ್ಯಾ?"

"ಎತ್ತಲ್ಲ."

ಕಳಸದ ಬಸ್ ಬಂತು. ದೊಡ್ಡಪ್ಪ ಎದ್ದರು. ಹುಡುಗಿ ಏಳಲಿಲ್ಲ.

"ಟ್ರೇಸಿಂಗಲ್ಲಿ ಸಿಕ್ಕಿಬಿದ್ದ ಗಿಡ ಏನು ಮಾಡ್ತೀರಿ?"

"ಏಳು ಮಗಾ, ಆಮೇಲೆ ಸೀಟು ಸಿಗಲ್ಲ."

"ಹೇಳಿ ದೊಡ್ಡಪ್ಪ."

ಅವರು ಅವಳ ಬ್ಯಾಗನ್ನೂ ತಾವೇ ಎತ್ತಿಕೊಂಡು ಬಸ್ಸಿನತ್ತ ನಡೆದರು. ಹಿಂದೆಯೇ ಅವಳೂ ಹೋದಳು.

ಅಂಥ ಗಿಡವನ್ನು ಬುಡಸಮೇತ ಕಿತ್ತು ಸುಟ್ಟುಬಿಡುತ್ತಾರೆ. ತೋಟದ ಮನೆಯ ಹುಡುಗಿ, ಅವಳಿಗೆ ಗೊತ್ತಿಲ್ಲದ್ದೇನಲ್ಲ.