ಎರಡೂ ಎಡತೋಳು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ದರ್ಜಿ ಹೆಂಗಸು, ತನ್ನ ಹತ್ತಿರ ಕೆಲಸ ಕಲಿಯುತ್ತಿರುವ ನಾದಿನಿಯ ಚೀಲದಿಂದ ಕತ್ತರಿಸಿದ ಅಂಗಿತೋಳುಗಳನ್ನು ಎಳೆದು ನೋಡಿದಳು.

“ಮತ್ತೆ ಎರಡೂ ಎಡತೋಳೇ. ಬಟ್ಟೆ ಮಡಚಿ ಕತ್ತರಿಸಿದ್ರೆ ಎಡ-ಬಲ ಜೋಡಿ ಬರುತ್ತೆ ಅಂತ ಮೊದಲ ದಿನವೇ ಹೇಳಿರಲಿಲ್ವಾ? ಇದು ಮೂರನೇದು.”

“ಮೂರನೇದಾ? ಇದೇ ಮೊದಲಲ್ವಾ ಅತ್ತಿಗೆ?”

“ಮೊದಲೆರಡು ಅಂಗಿಗೆ ನಾನೇ ಬೇರೆ ಬಲತೋಳು ಕತ್ತರಿಸಿ ಹೊಲಿದೆ. ನೀನು ಮುಖ ಸಣ್ಣ ಮಾಡ್ಕೋತೀಯ ಅಂತ ಹೇಳಲಿಲ್ಲ.”

“ತಪ್ಪಾಗಿದೆ ಅಂತ ಹೇಳದಿದ್ರೆ ಕಲಿಯೋದು ಹೇಗೆ? ಕತ್ತರಿಗೆ ಕೈ ಪಳಗಿದೆ ಅಂತ ಬೀಗ್ತಿದ್ದೆ. ಆ ಕೆಟ್ಟ ತೋಳುಗಳನ್ನಾದ್ರೂ ಕೊಡಿ, ನೋಡ್ತೀನಿ.”

“ಎಲ್ಲಿಂದ ಕೊಡಲಿ? ಒಲೆ ಒರೆಸೋ ಬಟ್ಟೆ ಮಾಡಿದೀನಿ.”

“ದಿನಾ ಒಲೆ ಒರೆಸೋದು ನಾನೇ ಅಲ್ವಾ.”

ಬಸ್ಸು ಬಂತು. ಅತ್ತಿಗೆ ತೋಳುಗಳನ್ನು ತನ್ನ ಚೀಲಕ್ಕೆ ತುರುಕಲು ಹೋದಳು. ನಾದಿನಿ ಅವನ್ನು ಕಿತ್ತುಕೊಂಡು ಬಸ್ಸು ಹತ್ತಿದಳು.